ಗೋಮಾಳದ ಲೆಕ್ಕ, ಬಡತನದ ಲೆಕ್ಕ

(ಅಕ್ಕೂರಿನಲ್ಲಿ ನೀಡಿದ ದತ್ತಿ ಉಪನ್ಯಾಸ)



ನಮೂನೆ 50, 53, 57 ಎಂದರೆ ಏನೆಂದು ಬೆಂಗಳೂರಿನ ಸಭಾಂಗಣದಲ್ಲಾಗಿದ್ದರೆ ಬಿಡಿಸಿ ಹೇಳಬೇಕಾಗುತ್ತಿತ್ತು. ಇಲ್ಲಿ ಬೇಕಿಲ್ಲ. ಸರ್ಕಾರಿ ನೆಲದ ಸಾಗುವಳಿಯನ್ನು ಸಕ್ರಮ ಮಾಡಿ ಎಂದು ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ತಿರುಗಿದವರು ಈ ಸಭೆಯಲ್ಲೇ ಇದ್ದೀರಿ. ಪರಿಸರ ಮತ್ತು ಬಡತನದ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಆ ಮಾತನ್ನು ನಾನು ಸ್ಟಾಕ್‌ಹೋಮ್‌ನಿಂದಲೋ ರಿಯೊದಿಂದಲೋ, ಆ ಪರಿಸರ ಸಮ್ಮೇಳನಗಳಿಂದ, ಶುರುಮಾಡುವ ಬದಲು ನಿಮ್ಮ ಈ ಅರ್ಜಿಯಿಂದಲೇ ಶುರುಮಾಡುತ್ತೇನೆ.

ಆ ಅರ್ಜಿ ಕೇಳುವ ನೆಲ ಎಷ್ಟೋ ಸಲ ಗೋಮಾಳವೇ. ಅದರ ಬಗ್ಗೆ 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ 97ನೆಯ ನಿಯಮವಿದೆ. ಊರಿನ ಪ್ರತಿ ನೂರು ರಾಸುಗಳಿಗೆ 12 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 30 ಎಕರೆ, ಮೇವಿಗೆಂದು ಗೋಮಾಳ ಬಿಡಬೇಕು ಎನ್ನುತ್ತದೆ ಅದು. ರಾಸು ಕಡಿಮೆಯಾದರೆ ಗೋಮಾಳ ಹೆಚ್ಚುವರಿಯಾಗುತ್ತದೆ. ಹೆಚ್ಚುವರಿಯಾದದ್ದನ್ನು ಮಂಜೂರು ಮಾಡಬಹುದು. ಮಂಜೂರಾದ ಮೇಲೆ ಮೇಯಲು ಜಾಗ ಸಾಲದೆ ರಾಸು ಇನ್ನಷ್ಟು ಕಡಿಮೆಯಾಗುತ್ತದೆ. ಮುಂದಿನ ಜಾನುವಾರು ಗಣತಿಯ ಹೊತ್ತಿಗೆ ಮತ್ತಷ್ಟು ಗೋಮಾಳ ಹೆಚ್ಚುವರಿ. ಈ ಸುತ್ತಿನಲ್ಲಿ ಯಾರೂ ಕಾನೂನು ಮೀರಬೇಕಾಗಿಯೇ ಇಲ್ಲ.

ಹೀಗೆ ಮಂಜೂರಾದ ನೆಲಕ್ಕೆ ಸಾಗುವಳಿ ಚೀಟಿ ಪಡೆದವರೂ ಬಡವರೇ, ಅವರಿಗೆ ಭೂಮಿ ಬೇಡವೇ ಎಂದು ನೀವು ಕೇಳುತ್ತೀರಿ. ಬೇಕು. ಈ ಸೀಮೆಯಲ್ಲಿ ಎರಡು ಎಕರೆಯ ಒಂದು ಚೀಟಿ ಒಂದು ಮನೆತನವನ್ನು ಕೂಲಿಯಿಂದ ಬಿಡಿಸಿದ್ದೂ ಉಂಟು. ಆದರೆ ಅದೇ ಎರಡು ಎಕರೆಯಲ್ಲಿ ಮೇಕೆ ಮೇಯಿಸಿ, ಸೌದೆ ಆಯ್ದು, ಸೀತಾಫಲ ಕಿತ್ತು ಮಾರುತ್ತಿದ್ದ ಇನ್ನೊಂದು ಮನೆಯಿತ್ತು. ಆ ಮನೆಗೆ ಅರ್ಜಿ ಹಾಕುವಷ್ಟು ಕಾಲಿನ ಬಲವೂ ಇರಲಿಲ್ಲ, ಕೈಯಲ್ಲಿ ಕಾಗದವೂ ಇರಲಿಲ್ಲ. ಒಬ್ಬ ಬಡವನಿಗೆ ಕೊಟ್ಟದ್ದು ಬಡತನ ನಿವಾರಣೆಯ ಅಂಕಿಅಂಶದಲ್ಲಿ ಸೇರಿತು. ಇನ್ನೊಬ್ಬಳಿಂದ ಹೋದದ್ದು ಯಾವ ಅಂಕಿಅಂಶದಲ್ಲೂ ಸೇರಲಿಲ್ಲ.

ಈ ಎರಡನೆಯ ಲೆಕ್ಕವನ್ನು ಬರೆದಿಟ್ಟವರು ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ. ಕರ್ನಾಟಕವೂ ಸೇರಿ ಏಳು ರಾಜ್ಯಗಳ ಒಣ ಪ್ರದೇಶಗಳಲ್ಲಿ ಎಂಬತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಸುತ್ತಿ ಅವರು 1986ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಡ ಮನೆಗಳ ವರಮಾನದಲ್ಲಿ ಶೇ. 14ರಿಂದ 23ರಷ್ಟು ಬರುತ್ತಿದ್ದುದು ಊರೊಟ್ಟಿನ ನೆಲದಿಂದ. ಸ್ವಾತಂತ್ರ್ಯ ಬಂದ ಮೂರು ದಶಕಗಳಲ್ಲಿ ಆ ನೆಲ ಮೂರನೇ ಒಂದು ಪಾಲಿನಿಂದ ಹಿಡಿದು ಅರ್ಧದವರೆಗೆ ಕರಗಿತ್ತು. ಹಂಚಿಕೆಯಲ್ಲೂ ಹೆಚ್ಚಿನ ನೆಲ ಉಳ್ಳವರ ಕಡೆಗೇ ಹೋಗಿತ್ತು. ‘ಗರೀಬಿ ಹಟಾವೋ’ ಘೋಷಣೆ ಮೊಳಗಿದ್ದೂ ಇದೇ ಅವಧಿಯಲ್ಲಿ ಎಂಬುದನ್ನು ನೆನಪಿಡಿ.

ಹಾಗಾದರೆ ಗಿಡ ನೆಟ್ಟು ಗೋಮಾಳ ಉಳಿಸೋಣ ಎಂದರೆ, ಅದನ್ನೂ ಮಾಡಿ ನೋಡಿದ್ದೇವೆ. 1983ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ನಮ್ಮ ರಾಜ್ಯಕ್ಕೆ ಸಾಮಾಜಿಕ ಅರಣ್ಯ ಯೋಜನೆ ಬಂತು. ಬಡವರಿಗೆ ಸೌದೆ, ದನಕ್ಕೆ ಮೇವು ಎಂಬುದು ಅದರ ಉದ್ದೇಶ. ನೆಲದ ಮೇಲೆ ಎದ್ದು ನಿಂತದ್ದು ನೀಲಗಿರಿ. ದನ ಅದಕ್ಕೆ ಬಾಯಿ ಹಾಕುವುದಿಲ್ಲ, ಅದರ ಬುಡದಲ್ಲಿ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಧಾರವಾಡದ ಕಡೆ ಊರೊಟ್ಟಿನ ನೆಲ ಕಾರ್ಖಾನೆಯ ನೀಲಗಿರಿ ತೋಪಾದಾಗ ಜನ 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಸತ್ಯಾಗ್ರಹಕ್ಕೂ ಆದೇಶಕ್ಕೂ ನಡುವೆ ಮೂವತ್ತು ವರ್ಷ. ಹಸಿರು ಎಂಬ ಬಣ್ಣ ಬಳಿದ ಮಾತ್ರಕ್ಕೆ ಯೋಜನೆ ಬಡವರ ಪರವಾಗುವುದಿಲ್ಲ ಎನ್ನಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನು ನೀರಿನ ವಿಚಾರ. ನಮ್ಮ ಜಿಲ್ಲೆಯ ಬಿಡದಿ ಹೋಬಳಿಯಲ್ಲಿ ಬೈರಮಂಗಲ ಕೆರೆಯಿದೆ. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ್ದು. ಅದಕ್ಕೆ ನೀರು ತರುವುದು ವೃಷಭಾವತಿ. ಬೆಂಗಳೂರಿನ ಒಡಲಲ್ಲಿ ಹುಟ್ಟಿ, ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಬರುವ ಹೊಳೆ. ಕೆರೆ ನೊರೆ ಕಕ್ಕುತ್ತದೆ, ವಾಸನೆಗೆ ನಿಲ್ಲಲಾಗುವುದಿಲ್ಲ. ಪರಿಸರದ ಪಾಠಕ್ಕೆ ಇಷ್ಟು ಸಾಕು ಎಂದು ಫೋಟೊ ತೆಗೆದುಕೊಂಡು ಹೋಗುವವರೇ ಹೆಚ್ಚು. ನೀವು ಸ್ವಲ್ಪ ನಿಂತು ನೋಡಬೇಕು. ನಗರದ ಕೊಳಚೆಗೆ ಬರಗಾಲವಿಲ್ಲ. ಮಳೆ ಕೈಕೊಟ್ಟ ವರ್ಷವೂ ಅಚ್ಚುಕಟ್ಟಿಗೆ ನೀರು ಬರುತ್ತದೆ. ಮೊದಲು ಭತ್ತ ಬೆಳೆಯುತ್ತಿದ್ದ ರೈತರು ಈ ನೀರಿಗೆ ಹೊಂದುವ ಬೇಬಿ ಕಾರ್ನ್‌ಗೆ, ಸೀಮೆಹುಲ್ಲಿಗೆ ಹೊರಳಿದರು. ಹುಲ್ಲಿನಿಂದ ಹಸು, ಹಸುವಿನಿಂದ ಡೈರಿಗೆ ಹಾಲು, ಹಾಲಿನಿಂದ ಹೆಣ್ಣುಮಕ್ಕಳ ಕೈಗೆ ಕಾಸು. ಅದೇ ನೀರು ಬಾವಿಯನ್ನೂ ಬೋರ್‌ವೆಲ್‌ಅನ್ನೂ ಕೆಡಿಸಿತು. ಕುಡಿಯುವ ನೀರನ್ನು ದುಡ್ಡು ಕೊಟ್ಟು ತರುವ ಊರು, ಕೊಳಚೆಯಲ್ಲಿ ವರ್ಷವಿಡೀ ಬೆಳೆ ತೆಗೆಯುವ ಊರು, ಎರಡೂ ಒಂದೇ ಊರು.

ಇದಕ್ಕೆ ಸರ್ಕಾರ ಕಂಡುಕೊಂಡ ಪರಿಹಾರ, ಕೊಳಚೆ ಕೆರೆಗೆ ಬಾರದಂತೆ ಬಳಸುನಾಲೆ ತೋಡಿ ಕೆಳಗಡೆ ಮತ್ತೆ ಹೊಳೆಗೇ ಬಿಡುವುದು. ಕೆರೆ ಚೊಕ್ಕಟವಾಗುತ್ತದೆ ಎಂದಿತು ಕಾಗದ. ಅಚ್ಚುಕಟ್ಟಿನವರು ತಕರಾರು ತೆಗೆದರು. ನಮ್ಮ ಕೆರೆಗೆ ಬೇರೆ ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಪರಿಸರವೂ ಇದೆ, ಬಡತನವೂ ಇದೆ; ನಾಲೆಯ ನಕ್ಷೆಯಲ್ಲಿ ಎರಡೂ ಇಲ್ಲ. ಬಳಸುನಾಲೆಯ ಕೊಳಚೆ ಹೋಗಿ ಸೇರುವುದು ಅರ್ಕಾವತಿಯನ್ನು, ಅಲ್ಲಿಂದ ಕನಕಪುರ, ಹಾರೋಬೆಲೆ, ಸಂಗಮ. ನೀರನ್ನು ಮೇಲೆಯೇ, ಬೆಂಗಳೂರಿನಲ್ಲೇ, ಶುದ್ಧಮಾಡಿ ಬಿಟ್ಟಿದ್ದರೆ ಅಚ್ಚುಕಟ್ಟಿಗೂ ನೀರು ಸಿಗುತ್ತಿತ್ತು, ಬಾವಿಯೂ ಉಳಿಯುತ್ತಿತ್ತು. ಆದರೆ ಆ ಖರ್ಚು ನಗರದ ಬಜೆಟ್ಟಿಗೆ ಬೀಳುತ್ತದೆ. ಬಿಡದೆ ಬೀಳಿಸಬೇಕು ಎಂಬುದೇ ನನ್ನ ಪಕ್ಷ. ಈಗ ಅದೇ ಬೈರಮಂಗಲ, ಕಂಚುಗಾರನಹಳ್ಳಿಗಳ ಕಡೆ ಟೌನ್‌ಶಿಪ್ಪಿಗೆ ಭೂಮಿ ಕೇಳುತ್ತಿದ್ದಾರೆ. ನಮ್ಮ ಜಿಲ್ಲೆಗೂ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರಿನ ಹಿಂದೆಯೇ ಸೈಟಿನ ಬೆಲೆ ಬರುತ್ತದೆ. ಕೊಳಚೆಯಂತೂ ಮೊದಲೇ ಬಂದಿತ್ತು.

  

ಪರಿಸರದ ಲೆಕ್ಕ, ಬಡತನದ ಲೆಕ್ಕ ಬೇರೆಬೇರೆಯಾದದ್ದಕ್ಕೆ ಇನ್ನೊಂದು ಉದಾಹರಣೆ ಗೊಂಬೆ. ಚನ್ನಪಟ್ಟಣದ ಗೊಂಬೆಗೆ ಜಿಐ ಮಾನ್ಯತೆ ಇದೆ, ತರಬೇತಿ ಇದೆ, ಮೇಳಗಳಿವೆ, ಮಾರಾಟ ಮಳಿಗೆಗಳಿವೆ. ಇವೆಲ್ಲ ಕಸುಬುದಾರರ ಬಡತನ ನೀಗಿಸುವ ಬಾಬತ್ತಿನವು. ಗೊಂಬೆಗೆ ಬೇಕಾದ ಆಲೆ ಮರ ಯಾವ ಬಾಬತ್ತಿನದು? ಅದು ಬೆಳೆಯುವುದು ಕುರುಚಲು ಗುಡ್ಡದಲ್ಲಿ, ಹೊಲದ ಬದುವಿನಲ್ಲಿ. ಬಿಳಿಯ, ನಯವಾದ, ಲೇತಿಗೆ ಒಗ್ಗುವ, ಅರಗಿನ ಬಣ್ಣ ಚೆನ್ನಾಗಿ ಹಿಡಿಯುವ ಮರ. ಕಸುಬು ಕರಕುಶಲ ನಿಗಮದ ಪಾಲು, ಮರ ಅರಣ್ಯ ಇಲಾಖೆಯ ಪಾಲು, ಬದು ರೈತನ ಪಾಲು. ಬದುವಿನಲ್ಲಿ ಆಲೆ ಬೆಳೆಸಿದರೆ ಇಂಥ ಬೆಲೆಗೆ ಕೊಳ್ಳುತ್ತೇವೆ ಎಂದು ರೈತನಿಗೆ ಮಾತು ಕೊಡುವವರು ಬೇಕು. ಮರ ತುಟ್ಟಿಯಾದಾಗ ಕಸುಬುದಾರ ರಬ್ಬರ್ ಮರದ ಕಡೆಗೆ ಹೊರಳುತ್ತಾನೆ, ಇಲ್ಲವೇ ಲೇತ್ ಬಿಟ್ಟು ಬೇರೆ ಕೆಲಸ ನೋಡುತ್ತಾನೆ.

ಪರಿಸರ, ಬಡತನ ಎರಡನ್ನೂ ಸೇರಿಸುವ ಮಾತು ದಿಲ್ಲಿಗೆ ಹೊಸದಲ್ಲ. 1972ರ ಜೂನ್ 14ರಂದು ಸ್ಟಾಕ್‌ಹೋಮ್‌ನಲ್ಲಿ ಇಂದಿರಾ ಗಾಂಧಿ, ಬಡತನ ಇರುವಾಗ ಪರಿಸರ ಸುಧಾರಿಸದು ಎಂದರು. ಅದಾದ ಮೇಲೆ ಪಂಚವಾರ್ಷಿಕ ಯೋಜನೆಗಳಲ್ಲಿ ಪರಿಸರಕ್ಕೆ ಒಂದು ಅಧ್ಯಾಯ, ಬಡತನಕ್ಕೆ ಒಂದು ಅಧ್ಯಾಯ ಸಿಕ್ಕವು. 2015ರಲ್ಲಿ ಯೋಜನಾ ಆಯೋಗವೇ ಹೋಗಿ ನೀತಿ ಆಯೋಗ ಬಂತು. ನನಗೆ ಆ ಅಧ್ಯಾಯಗಳಿಗಿಂತ ಸಂವಿಧಾನದ 243ಝಡ್‌ಡಿ ವಿಧಿ ದೊಡ್ಡದಾಗಿ ಕಾಣುತ್ತದೆ. ಜಿಲ್ಲೆಗೊಂದು ಯೋಜನಾ ಸಮಿತಿ ಇರಬೇಕು. ಅದು ಹಳ್ಳಿ ಮತ್ತು ಪಟ್ಟಣಗಳ ನಡುವೆ ನೀರಿನ ಹಾಗೂ ಇತರ ನೈಸರ್ಗಿಕ ಸಂಪತ್ತಿನ ಹಂಚಿಕೆ, ಪರಿಸರ ಸಂರಕ್ಷಣೆ ಇವನ್ನು ಗಮನದಲ್ಲಿಟ್ಟೇ ಕರಡು ಯೋಜನೆ ಮಾಡಬೇಕು ಎನ್ನುತ್ತದೆ ಆ ವಿಧಿ. ಬೈರಮಂಗಲದ ಪ್ರಶ್ನೆ ಕೇಳಬೇಕಾದ ಜಾಗ ಅದೇ. ಆ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ, ನಗರಸಭೆಗಳ ಚುನಾಯಿತರಿಂದ ಬರಬೇಕು. ನಮ್ಮಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 1987ರಲ್ಲೇ ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿದ, ಅಂದಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ರಾಜ್ಯ ಇದು!

ಮೇಲಿನದು ಖಾಲಿ ಇದ್ದಾಗ ಉಳಿಯುವುದು ಗ್ರಾಮಸಭೆ. ಗ್ರಾಮಸಭೆಯ ಒಪ್ಪಿಗೆಯಿಂದ ಕೆಲಸ ನಡೆಯುತ್ತಿದ್ದ ಉದ್ಯೋಗ ಖಾತರಿ ನಮ್ಮ ಜಿಲ್ಲೆಗೆ 2008ರ ಏಪ್ರಿಲ್‌ನಲ್ಲಿ ಬಂತು. ಆ ಕಾಯ್ದೆಯ ಕೂಲಿಯಲ್ಲೇ ಕನಕಪುರದ ಹಳ್ಳಗಳಿಗೆ ಚೆಕ್ ಡ್ಯಾಂ ಬಿದ್ದವು, ಕೂಲಿಯವರ ಕೈಗೆ ದುಡ್ಡು, ನೆಲಕ್ಕೆ ನೀರು ಒಟ್ಟಿಗೇ ಸಿಕ್ಕವು. ಆದ್ದರಿಂದ ಪರಿಸರ, ಬಡತನ ಎರಡನ್ನೂ ಒಟ್ಟಿಗೆ ನೋಡುವುದು ಆಗದ ಕೆಲಸವಲ್ಲ. ನನ್ನ ಬೇಡಿಕೆ ಚಿಕ್ಕದು. ಮುಂದಿನ ಗ್ರಾಮಸಭೆಯಲ್ಲಿ ಕ್ರಿಯಾಯೋಜನೆಗೆ ಕೈ ಎತ್ತುವ ಮೊದಲು, ಪಂಚಾಯಿತಿಯ ಗೋಮಾಳ, ಕೆರೆ, ಗುಂಡುತೋಪುಗಳನ್ನು ಸರ್ವೆ ನಂಬರು ಸಹಿತ ಓದಿಸಿ. ಜೀವವೈವಿಧ್ಯ ಸಮಿತಿಯ ದಾಖಲಾತಿ ಬೀರುವಿನಲ್ಲಿದ್ದರೆ ತೆಗೆಸಿ. ಪ್ರತಿ ಕಾಮಗಾರಿಯ ಮುಂದೆ, ಇದರಿಂದ ಯಾರ ಮನೆಯ ಮೇವು, ಸೌದೆ, ನೀರು ಹೋಗುತ್ತದೆ ಎಂದು ಹೆಸರು ಹಿಡಿದು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಪಿಡಿಒ ಅವರು ಅದಕ್ಕೆ ಕಾಲಂ ಇಲ್ಲ ಎನ್ನುತ್ತಾರೆ. ಪುಟದ ಬದಿಯಲ್ಲಿ ಜಾಗವಿರುತ್ತದೆ, ಅಲ್ಲೇ ಬರೆಸಿ.