ಮರೆವಿನ ರೋಗಿಗಳೂ ಹಳ್ಳಿಯ ಶುಶ್ರೂಷಕರೂ



‘ಅರುವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆ ಗಾದೆಯಿಂದ ಎಷ್ಟು ಮನೆಗಳಿಗೆ ಅನ್ಯಾಯವಾಗಿದೆಯೆಂಬುದನ್ನು ಬಲ್ಲವರು ಮಾತ್ರ ವಿರಳ. ಅತ್ತೆಯು ನಡುರಾತ್ರಿಯಲ್ಲೆದ್ದು ತವರಿಗೆ ಹೋಗುವೆನೆಂದು ಅಗುಳಿ ತೆಗೆಯುವಳು. ಉಂಡು ಕೈತೊಳೆದ ಗಳಿಗೆಯಲ್ಲಿಯೇ, ಸೊಸೆ ಅನ್ನವಿಕ್ಕಲಿಲ್ಲವೆಂದು ನೆರೆಯವರಲ್ಲಿ ದೂರುವಳು. ಊರು ಸೊಸೆಯನ್ನು ನಿಂದಿಸುವುದು. ಆಕೆಯೋ ಹಗಲು ಹೊಲದಲ್ಲಿ ದುಡಿದು, ಇರುಳು ನಿದ್ದೆಗೆಟ್ಟು, ಯಾರೊಡನೆಯೂ ಹೇಳಿಕೊಳ್ಳಲಾರದೆ ಬಳಲುವಳು.

ಇದು ಮುಪ್ಪಿನ ಸಹಜಧರ್ಮವಲ್ಲ, ಮಿದುಳಿನ ವ್ಯಾಧಿ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುವರು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ವರ್ಷ ತುಂಬಿದವರ ಪೈಕಿ ನೂರಕ್ಕೆ 7.4 ಮಂದಿ, ಎಂದರೆ ಸುಮಾರು 88 ಲಕ್ಷ ಜನರು, ಇದಕ್ಕೆ ತುತ್ತಾಗಿರುವರು. ಈ ಪ್ರಮಾಣವು ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚು. ತಜ್ಞ ವೈದ್ಯರಾದರೋ ಬಹುಮಟ್ಟಿಗೆ ಪಟ್ಟಣವಾಸಿಗಳು. ಈ ದೂರವನ್ನು ಕಿರಿದುಮಾಡುವ ಸಾಧನವೊಂದು ಈಗ ನಮ್ಮ ಕೈಯಲ್ಲಿಯೇ ಇದೆ. ಅದೇ ಮೊಬೈಲ್ ಫೋನು.

ಮೊದಲನೆಯದಾಗಿ, 2022ನೆಯ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆ. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ, ಶುಲ್ಕವಿಲ್ಲದೆ ಕರೆಮಾಡಿ, ಬಳಲಿದ ಶುಶ್ರೂಷಕಿಯು ಕನ್ನಡದಲ್ಲಿಯೇ ತನ್ನ ಅಳಲನ್ನು ತೋಡಿಕೊಳ್ಳಬಹುದು. ಎರಡನೆಯದು, ಇ-ಸಂಜೀವನಿ, ಆರೋಗ್ಯಕೇಂದ್ರದಲ್ಲಿ ಕುಳಿತು ದೂರದ ವೈದ್ಯರ ಸಲಹೆಯನ್ನು ಪಡೆಯುವ ಏರ್ಪಾಡಿದು. ಬಿ12 ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ ಮೊದಲಾದುವುಗಳಿಂದಲೂ ಮರೆವು ಬರುವುದುಂಟು. ಅವು ಚಿಕಿತ್ಸೆಗೆ ಒಳಪಡತಕ್ಕವು. ಆದುದರಿಂದ ಪರೀಕ್ಷೆಯಿಲ್ಲದೆ ‘ಅರಳುಮರಳು’ ಎಂದು ಕೈಬಿಡತಕ್ಕದ್ದಲ್ಲ. ಮೂರನೆಯದು, ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರತಂದ ಐಸಪೋರ್ಟ್ ಎಂಬ ಪಾಠಕ್ರಮ. ದಿನದಿನದ ಆರೈಕೆ, ರೋಗಿಯ ನಡತೆಯ ಮಾರ್ಪಾಡು, ಶುಶ್ರೂಷಕರ ಆತ್ಮರಕ್ಷಣೆ, ಇವೆಲ್ಲವೂ ಅದರಲ್ಲಿ ಅಡಕವಾಗಿವೆ. ತವರಿಗೆ ಹೊರಟ ಅತ್ತೆಯೊಡನೆ ವಾದಿಸದೆ, ತವರಿನ ಮಾತನ್ನೇ ಆಡಿಸುತ್ತ ಮೆಲ್ಲನೆ ಒಳಗೆ ಕರೆತರುವುದು ಲೇಸೆಂಬ ತಿಳಿವು ಒಂದು ಇರುಳಿನ ಕಲಹವನ್ನೇ ತಪ್ಪಿಸಬಲ್ಲುದು.

ಆದರೆ ಯಂತ್ರವು ಮೈತೊಳೆಯಿಸಲಾರದು, ತುತ್ತಿಡಲಾರದು. ಎಷ್ಟೋ ಮನೆಗಳಲ್ಲಿ ಫೋನು ಗಂಡಸಿನ ಜೇಬಿನಲ್ಲಿರುವುದು. ಎಷ್ಟೋ ಊರುಗಳಲ್ಲಿ ಅದಕ್ಕೆ ಸಂಪರ್ಕವೇ ಸಿಕ್ಕದು. ಆದಕಾರಣ ಓದುಬಲ್ಲ ತರುಣರು ಆ ಪಾಠಗಳನ್ನರಿತು ಮನೆಯವರಿಗೆ ತಿಳಿಗನ್ನಡದಲ್ಲಿ ಹೇಳಲಿ. ನೆರೆಯವರು ವಾರಕ್ಕೊಂದು ಮಧ್ಯಾಹ್ನ ರೋಗಿಯ ಬಳಿ ಕುಳಿತು, ಆ ಸೊಸೆಗೆ ಎರಡು ಗಳಿಗೆ ನಿದ್ದೆಯನ್ನು ಕೊಡಲಿ. ನಿಂದಿಸಿದ ಊರೇ ಆಕೆಗೆ ನೆರವಾಗಲೆಂದು ಅರಿಕೆಮಾಡಿಕೊಂಡು ನನ್ನ ಮಾತನ್ನು ಮುಗಿಸುವೆನು.