ಬಣ್ಣದಿಂದ ಗೆಲಕ್ಸಿಯ ಗುರುತು

ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕಾಯುವುದನ್ನು ನೀವೆಲ್ಲ ನೋಡಿರಬಹುದು. ಮೊದಲು ಕೆಂಪು, ಕಾವೇರಿದಂತೆ ಹಳದಿ, ಆಮೇಲೆ ಬಿಳುಪು. ನಕ್ಷತ್ರಗಳಿಗೂ ಇದೇ ನ್ಯಾಯ. ಬಹಳ ಕಾದ ನಕ್ಷತ್ರ ನೀಲಿ, ಕಾವು ಕಡಮೆಯದು ಕೆಂಪು. ನೀಲಿ ನಕ್ಷತ್ರ ದುಂದುಗಾರ. ತನ್ನ ಇಂಧನವನ್ನು ಕೆಲವು ಕೋಟಿ ವರ್ಷಗಳೊಳಗೇ ಉರಿಸಿ ಮುಗಿಸಿಬಿಡುತ್ತದೆ. ಸಣ್ಣ ಕೆಂಪು ನಕ್ಷತ್ರವಾದರೋ ಸಾವಿರಾರು ಕೋಟಿ ವರ್ಷ ಬಾಳುತ್ತದೆ. ಆದುದರಿಂದ, ನೀಲಿ ಕಂಡಲ್ಲಿ ಈಚೆಗೆ ನಕ್ಷತ್ರಗಳು ಹುಟ್ಟಿವೆ ಎಂದು ತಿಳಿಯಬಹುದು. ಬರಿಯ ಕೆಂಪೇ ಉಳಿದಿದ್ದರೆ ಅಲ್ಲಿಯ ತೊಟ್ಟಿಲು ಬರಿದಾಗಿದೆ ಎಂದು ಊಹಿಸಬಹುದು.

ಗೆಲಕ್ಸಿ ಎಂದರೆ ಕೋಟ್ಯಂತರ ನಕ್ಷತ್ರಗಳ ಸಮೂಹ. 1926ರಲ್ಲಿ ಅಮೆರಿಕದ ಎಡ್ವಿನ್ ಹಬಲ್ ಎಂಬ ವಿಜ್ಞಾನಿ ಇವುಗಳನ್ನು ಆಕಾರ ನೋಡಿ ವಿಂಗಡಿಸಿದನು: ಮೊಟ್ಟೆಯಂತಹವು, ಸುರುಳಿಯಂತಹವು, ರೂಪವಿಲ್ಲದವು. ಆದರೆ ಲಕ್ಷಗಟ್ಟಲೆ ಗೆಲಕ್ಸಿಗಳನ್ನು ಹೀಗೆ ಒಂದೊಂದಾಗಿ ನೋಡುವುದು ಸುಲಭವೆ? ದೂರದವು ಮಸುಕಾದ ಚುಕ್ಕೆಗಳಾಗಿ ಮಾತ್ರ ಕಾಣುತ್ತವೆ. ಇಲ್ಲಿ ಬಣ್ಣ ನೆರವಿಗೆ ಬರುತ್ತದೆ.

2000ದಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸ್ಲೋನ್ ಆಕಾಶ ಸಮೀಕ್ಷೆ ಆರಂಭವಾಯಿತು. ಅದರ ದೂರದರ್ಶಕದ ಕನ್ನಡಿ 2.5 ಮೀಟರು ಅಗಲ. ನೇರಳೆಯ ಆಚೆಯಿಂದ ಕೆಂಪಿನ ಆಚೆಯವರೆಗೆ ಐದು ಬಣ್ಣದ ಗಾಜುಗಳ ಮೂಲಕ ಅದು ಆಕಾಶವನ್ನು ಚಿತ್ರಿಸಿತು. ಎರಡು ಗಾಜುಗಳಲ್ಲಿ ಕಂಡ ಹೊಳಪಿನ ಅಂತರವೇ ವಿಜ್ಞಾನಿಗಳ ಲೆಕ್ಕದಲ್ಲಿ ಬಣ್ಣ. 2001ರಲ್ಲಿ ಇಸ್ಕ್ರಾ ಸ್ಟ್ರಾಟೆವಾ ಮತ್ತು ಸಂಗಡಿಗರು ಸುಮಾರು 1,47,000 ಗೆಲಕ್ಸಿಗಳ ಬಣ್ಣವನ್ನು ಲೆಕ್ಕಹಾಕಿದಾಗ ಅವು ಎರಡು ರಾಶಿಗಳಾಗಿ ಬೇರ್ಪಟ್ಟವು. ನೀಲಿ ರಾಶಿಯಲ್ಲಿ ಬಹುಪಾಲು ಸುರುಳಿಗಳು, ಕೆಂಪು ರಾಶಿಯಲ್ಲಿ ಬಹುಪಾಲು ಮೊಟ್ಟೆಯಾಕಾರದವು. ನಡುವೆ ಇರುವವು ಕೆಲವೇ. ಆ ನಡುಜಾಗಕ್ಕೆ ಮುಂದೆ ‘ಹಸಿರು ಕಣಿವೆ’ ಎಂಬ ಹೆಸರು ಬಂದಿತು.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಕೆಂಪಗಿರುವುದೆಲ್ಲ ಮುದಿಯೂ ಅಲ್ಲ. ಮಗ್ಗುಲಾಗಿ ಕಾಣುವ ಸುರುಳಿಯಲ್ಲಿ ಧೂಳು ನೀಲಿ ಬೆಳಕನ್ನು ತಡೆದು ಅದನ್ನು ಕೆಂಪಾಗಿಸುತ್ತದೆ. ವಿಶ್ವ ಹಿಗ್ಗುತ್ತಿರುವುದರಿಂದ ದೂರದ ಗೆಲಕ್ಸಿಯ ಬೆಳಕೂ ಕೆಂಪಿನತ್ತ ಸರಿಯುತ್ತದೆ. ಇವೆರಡನ್ನೂ ಕಳೆದೇ ತೀರ್ಪು ಹೇಳಬೇಕು. 2007ರಲ್ಲಿ ಮೊದಲಾದ ‘ಗೆಲಕ್ಸಿ ಜೂ’ ಎಂಬ ಕಾರ್ಯದಲ್ಲಿ ಸಾಮಾನ್ಯ ಜನರೇ ಚಿತ್ರಗಳನ್ನು ನೋಡಿ ಆಕಾರ ಗುರುತಿಸಿದರು. ಆಗ ನಿಜವಾಗಿಯೂ ಕೆಂಪಾದ ಸುರುಳಿಗಳೂ ನೀಲಿಯಾದ ಮೊಟ್ಟೆಗಳೂ ಬೆಳಕಿಗೆ ಬಂದವು.

ಆಕಾರ ಒಂದು ಸಾಕ್ಷಿ, ಬಣ್ಣ ಇನ್ನೊಂದು. ಸಾಕ್ಷಿಗಳ ಮಾತು ಹೊಂದದ ಕಡೆಯಲ್ಲಿಯೇ ವಿಚಾರಣೆ ಮುಂದುವರಿಯಬೇಕು. ಸುರುಳಿ ಕೆಡದೆ ಉಳಿದಿದ್ದರೂ ನಕ್ಷತ್ರಗಳ ಹುಟ್ಟು ನಿಂತದ್ದೇಕೆ, ಹುಟ್ಟಿಗೆ ಬೇಕಾದ ಅನಿಲ ತೀರಿತೆ, ಕಾದು ಚದುರಿತೆ ಎಂಬ ಪ್ರಶ್ನೆಗಳು ಎದ್ದುದು ಅಂತಹ ಗೆಲಕ್ಸಿಗಳಿಂದಲೇ.