ವಿಮಾನದ ದೂರ, ಗಡಿಯಾರದ ಲೆಕ್ಕ

(ಧನಕವಡಿಯ ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಬಹುಮಂದಿ ಊರಿಗೆ ಹೋಗುವುದು ರಾತ್ರಿಯ ಬಸ್ಸಿನಲ್ಲಿ, ಇಲ್ಲವೆ ರೈಲಿನಲ್ಲಿ. ಆದರೂ ವಿಮಾನದ ಟಿಕೆಟು ಈಗ ನಮ್ಮಂಥವರ ಮನೆಗೂ ಬಂದಿದೆ. ಒಬ್ಬರ ತಮ್ಮ, ಇನ್ನೊಬ್ಬರ ಮಗಳು ಅಮೆರಿಕೆಯಲ್ಲಿದ್ದಾರೆ. ಊರಿನಲ್ಲಿ ಹಿರಿಯರು ತೀರಿಕೊಂಡರೆ ಮೊದಲು ಏಳುವ ಮಾತು ಇದೇ: "ಮಗ ಬರಲು ಎಷ್ಟು ಹೊತ್ತು? ಕಾಯುವುದೋ, ಮಣ್ಣು ಮಾಡುವುದೋ?" ಆ ಹೊತ್ತಿನಲ್ಲಿ ಲೆಕ್ಕ ತಪ್ಪಬಾರದು.

ಗಿರಣಿಯ ಹಾಜರಿ ಪುಸ್ತಕದಲ್ಲಿ ಒಳಬಂದ ವೇಳೆ, ಹೊರಹೋದ ವೇಳೆ ನೋಡಿ ನಾವು ಪಾಳಿಯ ಗಂಟೆ ಬರೆಯುತ್ತೇವೆ. ಎರಡನ್ನೂ ತೋರಿಸುವುದು ಒಂದೇ ಗಡಿಯಾರ. ಆದುದರಿಂದ ಲೆಕ್ಕ ಸರಿಹೋಗುತ್ತದೆ. ವಿಮಾನದ ಟಿಕೆಟಿನಲ್ಲಿ ಹಾಗಲ್ಲ. ಹೊರಡುವ ವೇಳೆ ಹೊರಡುವ ಊರಿನದು, ಮುಟ್ಟುವ ವೇಳೆ ಮುಟ್ಟುವ ಊರಿನದು.

ಉದಾಹರಣೆಗೆ, 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಬೆಂಗಳೂರಿನ ನಡುವೆ ನೇರ ವಿಮಾನ ಆರಂಭಿಸಿತು. ಮೊದಲನೆಯದನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಪೈಲಟ್‌ಗಳು; ಎಲ್ಲರೂ ಮಹಿಳೆಯರೇ. ಅಲ್ಲಿಂದ ಹೊರಡುವ ವೇಳೆ 9ನೆಯ ತಾರೀಖು ರಾತ್ರಿ 8-30. ಬೆಂಗಳೂರಿನಲ್ಲಿ ಇಳಿದದ್ದು 11ರ ಬೆಳಗಿನ ಜಾವ 3 ಗಂಟೆ ದಾಟಿದ ಮೇಲೆ. ಹಾಗೆಯೇ ಕಳೆದರೆ 30 ಗಂಟೆಗೂ ಮೇಲಾಗುತ್ತದೆ. ಹಾರಿದ್ದು ಸುಮಾರು 17 ಗಂಟೆ ಮಾತ್ರ! ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ, ಅಷ್ಟನ್ನು ಕಳೆಯಬೇಕು. ಬೇಸಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುವುದರಿಂದ ಅಂತರ ಹನ್ನೆರಡೂವರೆ.

ಇಲ್ಲಿಂದ ಅಲ್ಲಿಗೆ ಹೋಗುವಾಗ ಇದು ತಿರುಗುಮುರುಗು. ಆಗಿನ ವೇಳಾಪಟ್ಟಿಯಂತೆ ಬೆಂಗಳೂರು ಬಿಡುವುದು ಮಧ್ಯಾಹ್ನ 2-30ಕ್ಕೆ, ಅಲ್ಲಿ ಮುಟ್ಟುವುದು ಅದೇ ದಿನ ಸಂಜೆ 5ಕ್ಕೆ. ಎರಡೂವರೆ ಗಂಟೆಯಂತೆ ಕಾಣುತ್ತದೆ. ಹದಿಮೂರೂವರೆ ಕೂಡಿಸಿದರೆ 16 ಗಂಟೆ.

ದೂರವಾದರೋ 13,993 ಕಿಲೋಮೀಟರು. ಪುಣೆಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 840; ಅದರ ಹದಿನಾರು ಪಾಲಿಗೂ ಹೆಚ್ಚು. ಗೋಡೆಯ ನಕ್ಷೆಯಲ್ಲಿ ಗೆರೆ ಎಳೆದರೆ ದಾರಿ ಸಾಗರದ ಮೇಲೆ ಹೋದಂತೆ ಕಾಣುತ್ತದೆ. ಆದರೆ ಭೂಮಿ ಗುಂಡಗಿದೆ. ಭೂಗೋಲದ ಮೇಲೆ ದಾರ ಬಿಗಿಹಿಡಿದು ನೋಡಿರಿ, ಅದು ಉತ್ತರ ಧ್ರುವದ ಕಡೆಗೇ ಸರಿಯುತ್ತದೆ. ಆ ಮೊದಲ ವಿಮಾನವೂ ಧ್ರುವದ ಮೇಲೆಯೇ ಬಂದಿತು. ಗಾಳಿಯನ್ನು ನೋಡಿ ದಾರಿ ಬದಲಾಗುವುದುಂಟು; ಆಗ ದೂರವೂ ವೇಳೆಯೂ ಬದಲಾಗುತ್ತವೆ.

ಹಾರಾಟದ ವೇಳೆಯೇ ಪ್ರಯಾಣದ ವೇಳೆಯಲ್ಲ. ನೇರ ವಿಮಾನವೇ ಸಿಕ್ಕಿತೆಂದು ಇಟ್ಟುಕೊಳ್ಳಿರಿ. ಮೂರು ಗಂಟೆ ಮೊದಲೇ ನಿಲ್ದಾಣ ಸೇರಬೇಕು. ಹಾರಾಟ 17. ಇಳಿದು, ತಪಾಸಣೆ ಮುಗಿಸಿ ಹೊರಬರಲು ಒಂದು. ದೇವನಹಳ್ಳಿಯಿಂದ ಹುಬ್ಬಳ್ಳಿಯ ಕಡೆಗೆ ರಸ್ತೆಯಲ್ಲಿ ಏಳೆಂಟು. ಅಲ್ಲಿಗೆ 29 ಗಂಟೆ. ನಡುವೆ ವಿಮಾನ ಬದಲಿಸಬೇಕಾದರೆ ಕಾಯುವ ವೇಳೆಯನ್ನೂ ಕೂಡಿಸಬೇಕು. ಟಿಕೆಟು ಸಿಗುವ ಹೊತ್ತು ಬೇರೆಯೇ.

ಆದುದರಿಂದ ಊರಿನವರಿಗೆ ಬರಿಯ "ನಾಳೆ ಬರುತ್ತಾನೆ" ಎನ್ನಬೇಡಿರಿ. ಎಲ್ಲ ವೇಳೆಯನ್ನೂ ನಮ್ಮ ಗಡಿಯಾರಕ್ಕೆ ಇಳಿಸಿ, ತಾರೀಖು ಸಹಿತ ಕಾಗದದ ಮೇಲೆ ಬರೆದು, ಇಷ್ಟು ಗಂಟೆಗೆ ಮನೆಯ ಬಾಗಿಲಿಗೆ ಬರುತ್ತಾನೆಂದು ಹೇಳಿರಿ. ಕಾಯುವುದೋ ಬೇಡವೋ ಎಂಬುದನ್ನು ಹಿರಿಯರು ನಿರ್ಧರಿಸುತ್ತಾರೆ. ಸರಿಯಾದ ಲೆಕ್ಕ ಒಪ್ಪಿಸುವುದು ಓದು ಬಲ್ಲ ನಮ್ಮೆಲ್ಲರ ಕೆಲಸ.